ಫೋರ್ಕ್‌ಲಿಫ್ಟ್‌ಗೆ ಯಾವ ಚಾರ್ಜರ್?

ಎರಡು ಟನ್ ಎತ್ತುವ ವಿದ್ಯುತ್ ಫೋರ್ಕ್‌ಲಿಫ್ಟ್‌ನ ಸೀಟು ಮೇಲೆತ್ತಿದರೆ ಕೆಳಗೊಂದು ಉಕ್ಕಿನ ಪೆಟ್ಟಿಗೆ ಕಾಣುತ್ತದೆ. ಒಳಗೆ ಎರಡೆರಡು ವೋಲ್ಟ್‌ನ 24 ಸೀಸದ ಸೆಲ್‌ಗಳು. ಒಟ್ಟು 48 ವೋಲ್ಟ್. ತೂಕ ಒಂದು ಟನ್ನಿನ ಆಸುಪಾಸು. ಮುಂದೆ ಭಾರ ಎತ್ತಿದಾಗ ಗಾಡಿ ಮುಗ್ಗರಿಸದಂತೆ ಹಿಂದಿನಿಂದ ಹಿಡಿದಿಡಲು ಈ ತೂಕವೂ ಬೇಕು. ನೆಲಮಂಗಲ, ಹೊಸಕೋಟೆ ಕಡೆಯ ದೊಡ್ಡ ಗೋದಾಮುಗಳಿಗೆ ಇಂಥ ಗಾಡಿ ಕೊಳ್ಳುವಾಗ ಗಾಡಿಯ ಬೆಲೆಗೆ ದಿನಗಟ್ಟಲೆ ಚೌಕಾಸಿ ನಡೆಯುತ್ತದೆ. ಚಾರ್ಜರ್ ಮಾತ್ರ ಕೊನೆಯಲ್ಲಿ, ‘ಜೊತೆಗೊಂದು ಕೊಡಿ’ ಎಂಬಲ್ಲಿಗೆ ಮುಗಿಯುತ್ತದೆ. ಆ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂಬುದು ಬಹುಪಾಲು ಚಾರ್ಜರ್ ಮೇಲೆಯೇ ನಿಂತಿದೆ ಎಂದು ಗೊತ್ತಿದ್ದವರು ಹಾಗೆ ಮಾಡಲಾರರು.

ಮೊದಲು ಓದಬೇಕಾದದ್ದು ಗಾಡಿಯ ಮಾಡೆಲ್ ಹೆಸರನ್ನಲ್ಲ, ಬ್ಯಾಟರಿ ಪೆಟ್ಟಿಗೆಯ ಮೇಲಿನ ಪಟ್ಟಿಯನ್ನು. ಅಲ್ಲಿ 48 ವೋಲ್ಟ್, 600 ಎಎಚ್ ಎಂದಿದೆ ಎನ್ನೋಣ. ಎಎಚ್ ಎಂದರೆ ಆಂಪಿಯರ್-ಗಂಟೆ, ಬ್ಯಾಟರಿಯ ಹೊಟ್ಟೆಯ ಅಳತೆ. ವೋಲ್ಟೇಜ್ ವಿಷಯದಲ್ಲಿ ರಾಜಿಯೇ ಇಲ್ಲ: 48ಕ್ಕೆ 48. ಆಂಪಿಯರ್ ವಿಷಯದಲ್ಲಿ ಮಾತ್ರ ಆಯ್ಕೆಗೆ ಜಾಗವಿದೆ. ರಾತ್ರಿಯಿಡೀ ನಿಧಾನವಾಗಿ ತುಂಬಿಸುವ ಸಾಮಾನ್ಯ ಚಾರ್ಜರ್ ಎಎಚ್‌ನ ಶೇ 16ರಿಂದ 18ರಷ್ಟು ಆಂಪಿಯರ್ ಕೊಡುವಂತಿದ್ದರೆ ಸಾಕು. ನಮ್ಮ 600 ಎಎಚ್‌ಗೆ ಅದು 100 ಆಂಪಿಯರ್. ಇದನ್ನೇ 300 ಎಎಚ್ ಬ್ಯಾಟರಿಗೆ ಸಿಕ್ಕಿಸಿದರೆ ಪ್ಲೇಟುಗಳು ಕಾಯುತ್ತವೆ. 40 ಆಂಪಿಯರ್‌ನ ಚಾರ್ಜರ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಬೆಳಗಾದರೂ ಬ್ಯಾಟರಿ ತುಂಬಿರುವುದಿಲ್ಲ. ದಿನವೂ ಅರೆಹೊಟ್ಟೆಯಲ್ಲಿ ಕೆಲಸಕ್ಕೆ ಹೋಗುವ ಬ್ಯಾಟರಿಯ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಹಾಗೆ ಕೂತದ್ದನ್ನು ಮತ್ತೆ ಕರಗಿಸುವುದು ಬಹಳ ಕಷ್ಟ.

ಚಾರ್ಜರ್‌ನ ನಿಜವಾದ ಗುಣ ತಿಳಿಯುವುದು ಕೊನೆಯ ಘಟ್ಟದಲ್ಲಿ. ಬ್ಯಾಟರಿಯ ಶೇ 80 ಭಾಗ, ಅಂದರೆ 480 ಎಎಚ್ ಖರ್ಚಾಗಿ ಗಾಡಿ ಸಂಜೆ ಬಂದು ನಿಂತಿದೆ. (ಅದಕ್ಕಿಂತ ಹೆಚ್ಚು ಬಸಿಯಬಾರದು.) ಶುರುವಿನಲ್ಲಿ 100 ಆಂಪಿಯರ್ ಸಲೀಸಾಗಿ ಒಳಗೆ ಹೋಗುತ್ತದೆ. ಪ್ರತಿ ಸೆಲ್ ಸುಮಾರು 2.4 ವೋಲ್ಟ್ ಮುಟ್ಟಿದಾಗ ಆಟ ಬದಲಾಗುತ್ತದೆ. ಅಲ್ಲಿಂದ ಮುಂದೆ ಕರೆಂಟಿನ ಒಂದು ಪಾಲು ಪ್ಲೇಟಿಗೆ ಸೇರದೆ ಆಮ್ಲದಲ್ಲಿರುವ ನೀರನ್ನೇ ಒಡೆಯುತ್ತದೆ. ಸೆಲ್‌ಗಳಲ್ಲಿ ಗುಳ್ಳೆ ಏಳುತ್ತದೆ. ಕೊಡ ತುಂಬುತ್ತ ಬಂದಾಗ ನಲ್ಲಿ ಸಣ್ಣಗೆ ಮಾಡುವಂತೆ ಒಳ್ಳೆಯ ಚಾರ್ಜರ್ ಇಲ್ಲಿ ಕರೆಂಟನ್ನು ಇಳಿಸುತ್ತ ಹೋಗುತ್ತದೆ, ತುಂಬಿದ್ದು ಖಚಿತವಾದಾಗ ತಾನೇ ನಿಲ್ಲುತ್ತದೆ.

ಗುಳ್ಳೆಯೇ ಬೇಡವೆನ್ನುವಂತೆಯೂ ಇಲ್ಲ. ತಳದಲ್ಲಿ ಕೂತ ಗಾಢ ಆಮ್ಲವನ್ನು ಮೇಲಿನದರ ಜೊತೆ ಬೆರೆಸುವುದು ಅದೇ. ಹಾಗಾಗಿ ಖರ್ಚಾದ 480ಕ್ಕೆ ಪ್ರತಿಯಾಗಿ ಸುಮಾರು 550 ಎಎಚ್ ತುಂಬಬೇಕಾಗುತ್ತದೆ. ಹೆಚ್ಚುವರಿ 70 ಎಎಚ್ ಪೂರ್ತಿ ನೀರು ಒಡೆಯಲಿಕ್ಕೇ ಹೋಯಿತೆಂದು ಲೆಕ್ಕ ಹಾಕಿ: 24 ಸೆಲ್‌ಗಳಿಂದ ಅರ್ಧ ಲೀಟರಿಗೂ ತುಸು ಹೆಚ್ಚು ನೀರು ಕಾಣೆಯಾಗಿ, ಸುಮಾರು 700 ಲೀಟರ್ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಜಲಜನಕ ಶೇ 4 ಮುಟ್ಟಿದರೆ ಒಂದು ಕಿಡಿ ಸಾಕು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಚಾರ್ಜಿಗೆ ಹಾಕುವ ಪದ್ಧತಿ ಎಲ್ಲಿದ್ದರೂ ಇಂದೇ ನಿಲ್ಲಬೇಕು. ಜಲಜನಕ ಹಗುರ, ಸೂರಿನ ಕೆಳಗೆ ಸೇರುತ್ತದೆ. ಗಾಳಿಕಿಂಡಿ ಮೇಲ್ಗಡೆಯೇ ಇರಬೇಕು. ಚಾರ್ಜ್ ಆಗುತ್ತಿರುವಾಗಲೇ ಪ್ಲಗ್ ಎಳೆದರೆ ಕಿಡಿ ಹಾರುತ್ತದೆ, ಆದ್ದರಿಂದ ಮೊದಲು ಸ್ಟಾಪ್ ಒತ್ತಬೇಕು, ಆಮೇಲೆ ಪ್ಲಗ್. ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಮುಗಿದ ಮೇಲೆ. ಮೊದಲೇ ಅಂಚಿನವರೆಗೆ ತುಂಬಿದರೆ ಗುಳ್ಳೆಯೆದ್ದಾಗ ಆಮ್ಲ ಉಕ್ಕಿ ಹೊರಚೆಲ್ಲುತ್ತದೆ.

ಇನ್ನು ಶಿಫ್ಟಿನ ಲೆಕ್ಕ. ಹಳೆಯ ಪದ್ಧತಿಯಲ್ಲಿ ಎಂಟು ಗಂಟೆ ಕೆಲಸ, ಎಂಟು ಗಂಟೆ ಚಾರ್ಜ್, ಎಂಟು ಗಂಟೆ ತಣಿಯಲು. ಒಂದೇ ಶಿಫ್ಟಿನ ಗೋದಾಮಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಅಲ್ಲಿ ವೇಗದ ಚಾರ್ಜರ್ ಕೊಳ್ಳುವುದು ದುಡ್ಡು ಕೊಟ್ಟು ಬ್ಯಾಟರಿಯ ಆಯುಸ್ಸು ಕಳೆದಂತೆ. ಎರಡು ಶಿಫ್ಟಿದ್ದು, ಊಟ-ಟೀ ವಿರಾಮದಲ್ಲಿ ತುಸುತುಸು ತುಂಬಿಸಬೇಕಾದರೆ ಎಎಚ್‌ನ ಶೇ 25ರ ಆಸುಪಾಸಿನಷ್ಟು ಆಂಪಿಯರ್ ಕೊಡುವ ಚಾರ್ಜರ್ ಬೇಕು. ಅದನ್ನು ತಾಳುವ ಬ್ಯಾಟರಿಯೂ ಬೇಕು. ಬ್ಯಾಟರಿ ಸತತವಾಗಿ ಹತ್ತು ಡಿಗ್ರಿ ಹೆಚ್ಚು ಕಾದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನ ಹಳೆಯ ಲೆಕ್ಕ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಗಾಡಿ ಓಡಿಸುವವರು ಬ್ಯಾಟರಿಯ ತಾಪ ನೋಡಿಕೊಂಡು ವೋಲ್ಟೇಜ್ ತಗ್ಗಿಸುವ ಚಾರ್ಜರನ್ನೇ ಕೇಳಿ ಪಡೆಯಬೇಕು.

ಒಳಗಿನ ತಂತ್ರದಲ್ಲೂ ಭೇದವಿದೆ. ಭಾರದ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಚಾರ್ಜರ್ ಗಟ್ಟಿಮುಟ್ಟು, ಧೂಳಿಗೂ ಜಗ್ಗದು; ಆದರೆ ಎಳೆದುಕೊಂಡ ಕರೆಂಟಿನಲ್ಲಿ ಐದನೇ ಒಂದು ಪಾಲನ್ನು ಶಾಖವಾಗಿ ಕಳೆಯಬಲ್ಲದು. ಹೈ ಫ್ರೀಕ್ವೆನ್ಸಿ ಚಾರ್ಜರ್‌ನಲ್ಲಿ ನಷ್ಟ ಶೇ 10ಕ್ಕೂ ಕಡಿಮೆ. ನಮ್ಮ ಉದಾಹರಣೆಯಲ್ಲಿ ಒಂದು ಚಾರ್ಜಿಗೆ ಸುಮಾರು 4 ಯೂನಿಟ್ ಉಳಿತಾಯ, ವರ್ಷಕ್ಕೆ 300 ಚಾರ್ಜ್ ಎಂದರೆ 1,200 ಯೂನಿಟ್. ಹತ್ತು ಗಾಡಿಯಿದ್ದವರು ಈ ಅಂಕಿಯನ್ನು ಹತ್ತರಿಂದ ಗುಣಿಸಿ ನೋಡಲಿ.

ಲಿಥಿಯಂ ಬ್ಯಾಟರಿಗೆ ಮಾತ್ರ ಸೀಸದ ಬ್ಯಾಟರಿಯ ಚಾರ್ಜರ್ ಖಂಡಿತ ಬೇಡ. 16 ಸೆಲ್‌ಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಗರಿಷ್ಠ ಮಿತಿ 58.4 ವೋಲ್ಟ್. ಸೀಸದ ಚಾರ್ಜರ್ ಕೊನೆಯ ಘಟ್ಟದಲ್ಲಿ 62 ವೋಲ್ಟ್ ದಾಟಬಹುದು. ಲಿಥಿಯಂ ಬ್ಯಾಟರಿಯೊಳಗಿನ ನಿಯಂತ್ರಣ ವ್ಯವಸ್ಥೆಯ ಮಾತು ಕೇಳಿ, ಅದು ಹೇಳಿದಷ್ಟೇ ಕೊಡುವ ಚಾರ್ಜರ್ ಬೇಕು. ಎರಡೂ ಬಗೆಯ ಗಾಡಿಗಳಿರುವ ಗೋದಾಮಿನಲ್ಲಿ ಒಂದರ ಪ್ಲಗ್ ಇನ್ನೊಂದಕ್ಕೆ ಕೂರದಂತೆ ಬೇರೆ ಬೇರೆ ಕನೆಕ್ಟರ್ ಹಾಕಿಸುವುದು ಕ್ಷೇಮ. ರಾತ್ರಿ ಪಾಳಿಯ ಹುಡುಗನ ನೆನಪಿನ ಮೇಲೆ ಅದನ್ನು ಬಿಡುವಂತಿಲ್ಲ.