ದೋಣಿಯಲ್ಲಿ ಆಂಪ್ಲಿಫೈಯರ್ ಎಲ್ಲಿರಬೇಕು?



ಜೂನ್, ಜುಲೈ ತಿಂಗಳುಗಳಲ್ಲಿ ನೀವು ಮಲ್ಪೆ ಅಥವಾ ಮಂಗಳೂರಿನ ಮೀನುಗಾರಿಕಾ ಬಂದರಿಗೆ ಹೋದರೆ, ಸಾಲುಸಾಲಾಗಿ ನಿಂತ ಯಾಂತ್ರೀಕೃತ ಬೋಟುಗಳನ್ನು ಕಾಣುವಿರಿ. ಕರ್ನಾಟಕದ ಕರಾವಳಿಯಲ್ಲಿ ಈ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬಣ್ಣ ಬಳಿಯುವುದು, ಇಂಜಿನ್ ಬಿಚ್ಚಿ ಜೋಡಿಸುವುದು, ವಯರಿಂಗ್ ಬದಲಿಸುವುದು ಎಲ್ಲವೂ ಆಗಲೇ. ಬೋಟಿಗೆ ಹೊಸ ಸ್ಟೀರಿಯೋ ಕೂರಿಸುವುದಕ್ಕೂ ಅದೇ ಬಿಡುವಿನ ಕಾಲ. ದಿನಗಟ್ಟಲೆ ಕಡಲಿನಲ್ಲೇ ಇರುವವರಿಗೆ ಹಾಡು ಬೇಡವೆನ್ನಲು ನಾವು ಯಾರು? ಆದರೆ ಡೀಸೆಲ್ ಇಂಜಿನಿನ ಸದ್ದನ್ನು ಮೀರಿ ಹಾಡು ಕೇಳಿಸಬೇಕಾದರೆ ಚಿಕ್ಕ ರೇಡಿಯೋ ಸಾಲದು. ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗುತ್ತದೆ. ಅದನ್ನು ಎಲ್ಲಿ ಇಡಬೇಕು? ಜಾಗ ಖಾಲಿಯಿರುವಲ್ಲಿ ಇಟ್ಟರಾಯಿತು ಎಂದುಕೊಂಡರೆ, ಬೋಟು ದಾರಿ ತಪ್ಪುವ ಸಂಭವವೂ ಇದೆ. ಅದು ಹೇಗೆಂದು ನೋಡೋಣ.

ಇಂತಹ ಬೋಟಿನ ಮೇಲ್ಭಾಗದಲ್ಲಿ ಚುಕ್ಕಾಣಿಯ ಚಕ್ರವಿರುವ ಕ್ಯಾಬಿನ್ ಇರುತ್ತದೆ. ಇಂಜಿನ್ ಕೋಣೆ ಇರುವುದು ಕೆಳಗೆ. ಬ್ಯಾಟರಿಗಳೂ ಅಲ್ಲೇ ಇರುವುದುಂಟು. ಬ್ಯಾಟರಿಯ ಪಕ್ಕದಲ್ಲೇ ಆಂಪ್ಲಿಫೈಯರ್ ಇಡುವುದು ಸುಲಭವೆಂದು ಯಾರಿಗಾದರೂ ತೋರಬಹುದು. ವಿದ್ಯುತ್ತಿನ ದೃಷ್ಟಿಯಿಂದ ಇದು ಸರಿಯೇ. ಲೆಕ್ಕ ಮಾಡಿ ನೋಡಿ. 12 ವೋಲ್ಟಿನ ಬ್ಯಾಟರಿಯಿಂದ ಆಂಪ್ಲಿಫೈಯರ್ 20 ಆಂಪಿಯರ್ ಸೆಳೆಯುತ್ತದೆ ಎಂದಿಟ್ಟುಕೊಳ್ಳೋಣ. ದೂರ 5 ಮೀಟರ್ ಆದರೆ ಹೋಗಿಬರುವ ತಂತಿ 10 ಮೀಟರ್. 4 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 0.043 ಓಮ್. ಅಂದರೆ ದಾರಿಯಲ್ಲೇ 0.86 ವೋಲ್ಟ್ ನಷ್ಟ. 10 ಚದರ ಮಿಲಿಮೀಟರಿನ ದಪ್ಪ ತಂತಿ ಹಾಕಿದರೆ ನಷ್ಟ 0.34 ವೋಲ್ಟಿಗೆ ಇಳಿಯುತ್ತದೆ. ಅದೇ, 4 ಓಮಿನ ಸ್ಪೀಕರಿಗೆ 50 ವಾಟ್ ಕೊಡುವಾಗ ಹರಿಯುವುದು ಸುಮಾರು ಮೂರೂವರೆ ಆಂಪಿಯರ್ ಮಾತ್ರ. ಆದ್ದರಿಂದ ಬ್ಯಾಟರಿಯ ತಂತಿ ಗಿಡ್ಡವಾಗಿರಲಿ, ಸ್ಪೀಕರಿನ ತಂತಿ ಬೇಕಾದರೆ ಉದ್ದವಾಗಲಿ.

ಹಾಗೆಂದು ಇಂಜಿನ್ ಕೋಣೆಗೆ ಇಳಿಸಬೇಡಿ. ಹಳೆಯ ಮಾದರಿಯ ಆಂಪ್ಲಿಫೈಯರುಗಳು ಪಡೆದ ವಿದ್ಯುತ್ತಿನ ಅರ್ಧದಷ್ಟನ್ನು ಶಾಖವಾಗಿ ಹೊರಹಾಕುತ್ತವೆ. ಮೇಲಿನ ಲೆಕ್ಕದಲ್ಲಿ 240 ವಾಟ್ ಒಳಹೋದರೆ 120 ವಾಟ್ ಬರೀ ಬಿಸಿ. ಈಗಿನ ಡಿ ವರ್ಗದ ಆಂಪ್ಲಿಫೈಯರುಗಳಲ್ಲಿ ಈ ನಷ್ಟ ಬಹಳ ಕಡಿಮೆ. ಆದರೂ ಮೊದಲೇ ಕುದಿಯುವಂತಿರುವ ಕೋಣೆಯಲ್ಲಿ ಆ ಸ್ವಲ್ಪ ಬಿಸಿಗೂ ಹೋಗಲು ದಾರಿಯಿಲ್ಲ. ಇನ್ನೊಂದು ಅಪಾಯವೂ ಇದೆ. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ನ್ನು ಮುಟ್ಟಿದರೆ ಒಂದು ಕಿಡಿ ಸಾಕು. ಅಡುಗೆ ಅನಿಲವಾಗಲಿ ಪೆಟ್ರೋಲಿನ ಆವಿಯಾಗಲಿ ಗಾಳಿಗಿಂತ ಭಾರ. ಸೋರಿದರೆ ಅವು ಬೋಟಿನ ತಳದಲ್ಲೇ ಮಡುಗಟ್ಟುತ್ತವೆ. ಬೋಟಿನೊಳಕ್ಕೆ ಬಂದ ನೀರು ಸೇರುವುದೂ ಅಲ್ಲೇ.

ನೀರೆಂದರೆ ಅಲೆಯ ನೀರು ಮಾತ್ರವಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ತುಂತುರು ಒಣಗಿದ ಮೇಲೆ ಉಳಿಯುವ ಉಪ್ಪಿನ ಪದರ ರಾತ್ರಿಯ ತೇವವನ್ನು ಹೀರಿ ಮತ್ತೆ ಒದ್ದೆಯಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೀಗೆ ತಾಮ್ರ ಹಸಿರುಗಟ್ಟುತ್ತದೆ, ಜೋಡಣೆಗಳು ಸಡಿಲವಾಗುತ್ತವೆ. ಆದ್ದರಿಂದ ಬೋಟಿಗೆ ತವರದ ಲೇಪವಿರುವ ತಾಮ್ರದ ತಂತಿಯೇ ಉತ್ತಮ.

ಹಾಗಾದರೆ ಮೇಲಿನ ಕ್ಯಾಬಿನ್ ಒಳ್ಳೆಯದು ಎಂದಾಯಿತು. ಅಲ್ಲಿ ಎಲ್ಲರ ಕಣ್ಣೂ ಹೋಗುವುದು ಚಕ್ರದ ಎದುರಿನ ಹಲಗೆಯ ಮೇಲೆ. ತಂಡೇಲನ ಕೈಗೆ ಸಿಗುತ್ತದೆ, ನೋಡಲೂ ಚೆನ್ನ. ನನ್ನನ್ನು ಕೇಳಿದರೆ ಇಡೀ ಬೋಟಿನಲ್ಲಿ ಇದಕ್ಕಿಂತ ಕೆಟ್ಟ ಜಾಗವಿಲ್ಲ, ಏಕೆಂದರೆ ದಿಕ್ಸೂಚಿ ಇರುವುದು ಅಲ್ಲೇ.

ವಿದ್ಯುತ್ ಹರಿಯುವ ತಂತಿ ಕಾಂತಸೂಜಿಯನ್ನು ತಿರುಗಿಸುತ್ತದೆಂದು 1820ರಲ್ಲಿ ಅರ್‌ಸ್ಟೆಡ್ ತೋರಿಸಿದ್ದು ನಿಮ್ಮ ಪಠ್ಯದಲ್ಲಿದೆ. ಒಂಟಿ ತಂತಿಯಲ್ಲಿ 20 ಆಂಪಿಯರ್ ಹರಿದರೆ ಒಂದು ಮೀಟರ್ ದೂರದಲ್ಲಿ ಉಂಟಾಗುವ ಕಾಂತಕ್ಷೇತ್ರ 4 ಮೈಕ್ರೋಟೆಸ್ಲಾ. ನಮ್ಮ ಕರಾವಳಿಯಲ್ಲಿ ಸೂಜಿಯನ್ನು ಉತ್ತರಕ್ಕೆ ನಿಲ್ಲಿಸುವ ಭೂಮಿಯ ಸಮತಲ ಕಾಂತಕ್ಷೇತ್ರವೇ ಸುಮಾರು 40 ಮೈಕ್ರೋಟೆಸ್ಲಾ. ಎರಡೂ ಒಂದಕ್ಕೊಂದು ಲಂಬವಾಗಿದ್ದರೆ ಸೂಜಿ ಸುಮಾರು 6 ಡಿಗ್ರಿ ವಾಲುತ್ತದೆ. ಈ ತಪ್ಪನ್ನೇ ನಂಬಿ 60 ಕಿಲೋಮೀಟರ್ ಸಾಗಿದ ಬೋಟು, ಸೇರಬೇಕಾದ ಜಾಗದಿಂದ ಸುಮಾರು 6 ಕಿಲೋಮೀಟರ್ ಆಚೆ ಇರುತ್ತದೆ. ಕತ್ತಲಲ್ಲಿ, ಬಂಡೆಗಳಿರುವ ಕಡೆ, ಇದು ಸಣ್ಣ ದೂರವಲ್ಲ.

ಇದರಲ್ಲೊಂದು ಮೋಸವೂ ಇದೆ. ದಿಕ್ಸೂಚಿಯ ಮೇಲೆ ತಂತಿ ಬೋಟಿನ ಉದ್ದಕ್ಕೆ ಹಾದುಹೋಗಿದ್ದರೆ, ಬೋಟು ಉತ್ತರಕ್ಕೆ ಮುಖಮಾಡಿದಾಗ ತಪ್ಪು ಅತಿ ಹೆಚ್ಚು. ಪೂರ್ವಕ್ಕೆ ತಿರುಗಿದಾಗ ಎರಡು ಕ್ಷೇತ್ರಗಳೂ ಒಂದೇ ರೇಖೆಯಲ್ಲಿರುವುದರಿಂದ ಸೂಜಿ ಸರಿಯಾಗಿಯೇ ತೋರಿಸುತ್ತದೆ! ಒಂದೇ ದಿಕ್ಕಿನಲ್ಲಿ ನೋಡಿ ಸರಿಯಿದೆ ಎಂದವರು ಇದರಿಂದ ಮೋಸಹೋಗುತ್ತಾರೆ. ಜಿ.ಪಿ.ಎಸ್. ಇದೆಯಲ್ಲ ಎನ್ನುವಿರಾ? ಬೋಟು ನಿಂತಾಗ ಸಾಮಾನ್ಯ ಜಿ.ಪಿ.ಎಸ್. ಯಂತ್ರ ಅದರ ಮೂತಿ ಯಾವ ಕಡೆಗಿದೆ ಎಂದು ಹೇಳಲಾರದು. ವಿದ್ಯುತ್ ಕೈಕೊಟ್ಟರೆ ಏನನ್ನೂ ಹೇಳದು.

ಪರಿಹಾರ ಸರಳ. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಜಡೆಯಂತೆ ಹೊಸೆಯಬೇಕು. ಆಗ ಒಂದರ ಕ್ಷೇತ್ರವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸುತ್ತದೆ. ಕಾರಿನಲ್ಲಿ ಮಾಡುವಂತೆ ಲೋಹದ ಮೈಯನ್ನೇ ವಾಪಸು ದಾರಿಯಾಗಿ ಬಳಸುವ ಪದ್ಧತಿ ಬೋಟಿಗೆ ಸಲ್ಲದು. ಉಕ್ಕಿನ ಬೋಟಾದರೆ ಅದರಿಂದ ಮೈಗೆ ತುಕ್ಕೂ ಹಿಡಿಯುತ್ತದೆ. ಸ್ಪೀಕರುಗಳ ಹಿಂದೆ ಕಾಯಂ ಅಯಸ್ಕಾಂತಗಳಿರುವುದರಿಂದ ಅವೂ ದಿಕ್ಸೂಚಿಯಿಂದ ದೂರವಿರಬೇಕು.

ಇಷ್ಟೆಲ್ಲ ಕಳೆದು ಉಳಿಯುವ ಜಾಗವೆಂದರೆ ಕ್ಯಾಬಿನ್ನಿನ ಹಿಂಬದಿಯ ಒಳಗೋಡೆ. ಎದೆಯೆತ್ತರದಲ್ಲಿ, ಕಿಟಕಿಯ ತುಂತುರು ತಾಗದಂತೆ, ದಿಕ್ಸೂಚಿಯಿಂದ ಒಂದೂವರೆ-ಎರಡು ಮೀಟರ್ ದೂರದಲ್ಲಿ. ಬಿಸಿಗಾಳಿ ಮೇಲೇರುವಂತೆ ಅದರ ಲೋಹದ ರೆಕ್ಕೆಗಳು ನೆಟ್ಟಗೆ ನಿಲ್ಲಬೇಕು. ಮಲಗುವವರ ಕಂಬಳಿ, ಚಾಪೆ ಅದರ ಮೇಲೆ ಬೀಳದಂತೆ ಅಡ್ಡಪಟ್ಟಿ ಇರಲಿ. ತಂತಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಮತ್ತೆ ಮೇಲೆ ತಂದು ಜೋಡಿಸಿದರೆ, ಅದರ ಮೇಲೆ ಜಾರಿಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ. ಫ್ಯೂಸ್ ಮಾತ್ರ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಅದು ಕಾಯುವುದು ಆಂಪ್ಲಿಫೈಯರನ್ನಲ್ಲ, ನಡುವಿನ ತಂತಿಯನ್ನು.

ಆಗಸ್ಟ್‌ನಲ್ಲಿ ಬೋಟು ನೀರಿಗಿಳಿದ ಮೇಲೆ, ಬಂದರು ಬಿಡುವ ಮುನ್ನ, ಎಂಟು ದಿಕ್ಕಿಗೂ ಮೂತಿ ತಿರುಗಿಸಿ ದಿಕ್ಸೂಚಿಯನ್ನು ನೋಡಬೇಕು. ಒಮ್ಮೆ ಹಾಡು ನಿಲ್ಲಿಸಿ, ಒಮ್ಮೆ ಪೂರ್ತಿ ಏರಿಸಿ. ಜೊತೆಗೆ ವಿ.ಎಚ್.ಎಫ್. ರೇಡಿಯೋದ 16ನೇ ಚಾನಲ್‌ಗೂ ಕಿವಿಗೊಡಬೇಕು. ಅಪಾಯದ ಕರೆ ಬರುವುದು ಅದರಲ್ಲೇ. ಆಂಪ್ಲಿಫೈಯರ್ ಹಾಕಿದೊಡನೆ ಅಲ್ಲಿ ಗುಂಯ್‌ಗುಡುವ ಸದ್ದು ಕೇಳಿಸಿದರೆ, ಪೆಟ್ಟಿಗೆಯನ್ನು ಆ ರೇಡಿಯೋ ಮತ್ತು ಅದರ ಆಂಟೆನಾ ತಂತಿಯಿಂದ ಇನ್ನಷ್ಟು ಸರಿಸಿ ಮತ್ತೆ ನೋಡಬೇಕು.