ಬಾಲಿಯ ತಬಾನನ್ ಜಿಲ್ಲೆಯಲ್ಲಿ ಗ್ರಾಮ ಜೀವನ ಮತ್ತು ಜಮೀನಿನ ಭವಿಷ್ಯ

ಗದ್ದೆಯ ಬೆಲೆ ಏರಿದರೆ ರೈತನಿಗೆ ಲಾಭವೇ ಎಂಬುದು ಸಾಮಾನ್ಯವಾದ ನಂಬಿಕೆ. ಆದರೆ ಎಲ್ಲ ಕಡೆಯೂ ಈ ಮಾತು ನಿಜವಲ್ಲ. ಇಂಡೋನೇಷ್ಯ ದೇಶದ ಬಾಲಿ ದ್ವೀಪದಲ್ಲಿರುವ ತಬಾನನ್ ಜಿಲ್ಲೆ ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ಭತ್ತದ ಗದ್ದೆಗೆ ಪ್ರವಾಸೋದ್ಯಮದಿಂದ ಬಂದ ಬೆಲೆ ಒಂದು ಕಡೆ, ಊರೆಲ್ಲ ಸೇರಿ ನಡೆಸುವ ನೀರಾವರಿ ವ್ಯವಸ್ಥೆ ಇನ್ನೊಂದು ಕಡೆ. ಇವೆರಡರ ನಡುವೆ ಸಣ್ಣ ಹಿಡುವಳಿದಾರನ ಬದುಕು ನಿಂತಿದೆ.

ಜಿಲ್ಲೆಯ ಪರಿಚಯ

ತಬಾನನ್ ಜಿಲ್ಲೆ ಬಾಲಿಯ ನೈಋತ್ಯ ಭಾಗದಲ್ಲಿದೆ. ಉತ್ತರಕ್ಕೆ 2,276 ಮೀಟರ್ ಎತ್ತರದ ಬಾತುಕಾರು ಪರ್ವತ, ದಕ್ಷಿಣಕ್ಕೆ ಹಿಂದೂ ಮಹಾಸಾಗರ. ಜಿಲ್ಲೆಯ ವಿಸ್ತೀರ್ಣ ಸುಮಾರು 840 ಚದರ ಕಿಲೋಮೀಟರ್. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 4.6 ಲಕ್ಷ. ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣು ಫಲವತ್ತಾದುದು. ಪರ್ವತದ ಮೇಲ್ಭಾಗದಲ್ಲಿ ಕಾಫಿ ಮತ್ತು ತರಕಾರಿ, ನಡುವಿನ ಇಳಿಜಾರಿನಲ್ಲಿ ಮೆಟ್ಟಿಲು ಗದ್ದೆಗಳು, ಕೆಳಗೆ ಭತ್ತ ಮತ್ತು ತೆಂಗು ಬೆಳೆಯುತ್ತವೆ. ಈ ಜಿಲ್ಲೆಯನ್ನು ಬಾಲಿಯ ಭತ್ತದ ಕಣಜವೆಂದು ಕರೆಯುವುದು ವಾಡಿಕೆ.

ಇಲ್ಲಿ ಗದ್ದೆಯನ್ನು ‘ಆರ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಆರ್ ಎಂದರೆ 100 ಚದರ ಮೀಟರ್. ಕರ್ನಾಟಕದ ಒಂದು ಗುಂಟೆ 101 ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಆದುದರಿಂದ ಆರ್ ಎಂದಲ್ಲಿ ಓದುಗರು ಗುಂಟೆ ಎಂದೇ ತಿಳಿದರೆ ಹೆಚ್ಚು ತಪ್ಪಾಗದು. ಸಣ್ಣ ಹಿಡುವಳಿ ಇಲ್ಲಿನ ಸಾಮಾನ್ಯ ಸ್ಥಿತಿ. ಇಡೀ ಇಂಡೋನೇಷ್ಯದಲ್ಲಿ ಅರ್ಧ ಹೆಕ್ಟೇರಿಗಿಂತ ಕಡಿಮೆ ಜಮೀನಿರುವ ಕೃಷಿ ಕುಟುಂಬಗಳು 2013ರ ಕೃಷಿ ಗಣತಿಯಲ್ಲಿ ಸುಮಾರು 1.42 ಕೋಟಿ ಇದ್ದುವು. 2023ರ ಗಣತಿಯಲ್ಲಿ ಸುಮಾರು 1.69 ಕೋಟಿಗೆ ಏರಿದುವು.

ಊರಿನ ಬದುಕು

ಪ್ರತಿ ಮನೆಯೂ ಗೋಡೆ ಕಟ್ಟಿದ ಅಂಗಳದೊಳಗೆ ಇರುತ್ತದೆ. ಅಂಗಳದ ಒಂದು ಮೂಲೆಯಲ್ಲಿ ಕುಟುಂಬದ ದೇವಸ್ಥಾನ. ಹಳೆಯ ಮನೆಗಳಲ್ಲಿ ಕಂಬಗಳ ಮೇಲೆ ನಿಲ್ಲಿಸಿದ ಭತ್ತದ ಕಣಜ. ಗಂಡಸರು ಗದ್ದೆಯ ಬದುಗಳಿಂದ ಹುಲ್ಲು ಕೊಯ್ದು ತಂದು ಬಾಲಿ ತಳಿಯ ದನಗಳನ್ನು ಸಾಕುತ್ತಾರೆ. ಹೆಂಗಸರು ಹಂದಿ ಸಾಕುವುದು ಬಹಳ ಕಡೆ ಮನೆಯ ಉಳಿತಾಯದ ದಾರಿ. ಕೊಯಿಲಾದ ಗದ್ದೆಗೆ ಬಾತುಗಳ ಹಿಂಡನ್ನು ಬಿಡುತ್ತಾರೆ. ಅವು ಉದುರಿದ ಕಾಳನ್ನೂ ಹುಳುಗಳನ್ನೂ ತಿಂದು, ಗದ್ದೆಗೆ ಗೊಬ್ಬರವನ್ನೂ ಕೊಡುತ್ತವೆ.

ಊರಿನ ಕೇರಿಯನ್ನು ‘ಬಂಜಾರ್’ ಎನ್ನುತ್ತಾರೆ. ಮದುವೆ, ಶವಸಂಸ್ಕಾರ, ದೇವಸ್ಥಾನದ ಹಬ್ಬ ಇವುಗಳಿಗೆ ಬಂಜಾರಿನ ಎಲ್ಲ ಮನೆಗಳವರೂ ಬಂದು ಕೆಲಸ ಮಾಡಬೇಕು. ಮರದ ‘ಕುಲ್ಕುಲ್’ ಬಡಿದು ಜನರನ್ನು ಕರೆಯುವ ಪದ್ಧತಿ ಈಗಲೂ ಇದೆ. ಇಂಥ ಕೂಡು ಬಾಳ್ವೆಗೆ ಖರ್ಚೂ ಉಂಟು. ಶವಸಂಸ್ಕಾರದ ದೊಡ್ಡ ವಿಧಿ, ಮಕ್ಕಳ ಓದು, ಕಾಯಿಲೆ ಇವುಗಳಿಗಾಗಿಯೇ ಗದ್ದೆಯ ತುಂಡೊಂದು ಮಾರಾಟವಾಗುವುದು ಅಪರೂಪವಲ್ಲ.

ನೀರಿನ ಸಂಘ

ಭತ್ತದ ಬೇಸಾಯಕ್ಕೆ ಆಧಾರ ‘ಸುಬಕ್’ ಎಂಬ ರೈತರ ನೀರಾವರಿ ಸಂಘ. ಸಾವಿರ ವರ್ಷಕ್ಕೂ ಹಿಂದಿನಿಂದ ಬಾಲಿಯಲ್ಲಿ ಈ ರೀತಿಯ ವ್ಯವಸ್ಥೆ ಬೆಳೆದು ಬಂದಿದೆ. ಒಂದೇ ಕಾಲುವೆಯಿಂದ ನೀರು ಪಡೆಯುವ ಗದ್ದೆಗಳವರೆಲ್ಲ ಒಂದು ಸುಬಕ್‌ನ ಸದಸ್ಯರು. ಸಂಘದ ಮುಖ್ಯಸ್ಥನನ್ನು ‘ಪೆಕಸೆಹ್’ ಎನ್ನುತ್ತಾರೆ. ಕರ್ನಾಟಕದ ಕೆರೆಯ ನೀರುಗಂಟಿಯಂತೆ ನೀರು ಬಿಡಿಸುವುದು ಮಾತ್ರ ಇವನ ಕೆಲಸವಲ್ಲ. ಸಭೆ ನಡೆಸುವುದು, ನಾಟಿಯ ದಿನ ಗೊತ್ತುಮಾಡಿಸುವುದು, ಕಾಲುವೆ ರಿಪೇರಿಗೆ ಆಳು ಸೇರಿಸುವುದು, ತಪ್ಪಿದವರಿಗೆ ದಂಡ ಹಾಕಿಸುವುದು, ಇವೆಲ್ಲವೂ ಸೇರುತ್ತವೆ. ಸಂಘದ ಕಟ್ಟಳೆಗಳಿಗೆ ‘ಅವಿಗ್-ಅವಿಗ್’ ಎಂದು ಹೆಸರು.

ಕಾಲುವೆ ಕವಲಾಗುವಲ್ಲಿ ಅಳತೆಯ ಕಂಡಿಗಳಿರುವ ಅಡ್ಡಗಟ್ಟೆಯನ್ನು ಇಡುತ್ತಾರೆ. ಕಂಡಿಯ ಅಗಲಕ್ಕೆ ತಕ್ಕಂತೆ ನೀರು ತಾನಾಗಿಯೇ ಪಾಲಾಗುತ್ತದೆ. ನೀರಿಗೂ ಪೂಜೆಗೂ ಬಿಡಿಸಲಾರದ ಸಂಬಂಧವಿದೆ. ಅಣೆಕಟ್ಟಿನ ಬಳಿ, ಗದ್ದೆಗಳ ತಲೆಯಲ್ಲಿ, ಪರ್ವತದ ಸರೋವರದ ದಡದಲ್ಲಿ ದೇವಸ್ಥಾನಗಳಿವೆ. ಯಾವ ಸುಬಕ್ ಯಾವಾಗ ನೀರು ಪಡೆಯಬೇಕೆಂಬುದು ಇಲ್ಲಿನ ಹಬ್ಬಗಳ ಸರದಿಯೊಂದಿಗೆ ಹೊಂದಿಕೊಂಡಿರುತ್ತದೆ.

ಈ ಸರದಿಯ ಬೆಲೆ ತಿಳಿದದ್ದು ಒಂದು ಕಹಿ ಅನುಭವದಿಂದ. 1970ರ ದಶಕದಲ್ಲಿ ಅಧಿಕ ಇಳುವರಿ ತಳಿಗಳು ಬಂದಾಗ, ಹಳೆಯ ಸರದಿಯನ್ನು ಬಿಟ್ಟು ಸಾಧ್ಯವಾದಷ್ಟು ಬೆಳೆ ತೆಗೆಯಲು ರೈತರನ್ನು ಪ್ರೋತ್ಸಾಹಿಸಲಾಯಿತು. ಅಕ್ಕಪಕ್ಕದ ಗದ್ದೆಗಳಲ್ಲಿ ಬೇರೆ ಬೇರೆ ವಯಸ್ಸಿನ ಪೈರು ವರ್ಷವಿಡೀ ನಿಂತಿತು. ಕಂದು ಜಿಗಿಹುಳು ಮತ್ತು ಇಲಿಗಳಿಗೆ ಆಹಾರ ತಪ್ಪದಂತಾಯಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅವರು ಇದನ್ನು ಅಧ್ಯಯನ ಮಾಡಿ, ಇಡೀ ಬಯಲಿನಲ್ಲಿ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಗದ್ದೆ ಖಾಲಿ ಬಿಡುವುದರಿಂದಲೇ ಕೀಟಗಳು ಹತೋಟಿಯಲ್ಲಿದ್ದುವು ಎಂದು ತೋರಿಸಿದರು. 1986ರಲ್ಲಿ ಇಂಡೋನೇಷ್ಯ ಸರಕಾರವು ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿ ಸಮಗ್ರ ಪೀಡೆ ನಿರ್ವಹಣೆಯನ್ನು ಕೈಗೊಂಡಿತು.

ಜಮೀನಿನ ಹಕ್ಕುಗಳು

ಇಂಡೋನೇಷ್ಯದ ಭೂ ಹಕ್ಕುಗಳಿಗೆ 1960ರ ಮೂಲ ಭೂ ಕಾಯಿದೆಯೇ ಬುನಾದಿ. ಅದರಂತೆ ಮುಖ್ಯ ಹಕ್ಕುಗಳು ಹೀಗಿವೆ:

1. ಹಕ್ ಮಿಲಿಕ್: ಪೂರ್ಣ ಒಡೆತನ. ವಂಶಪಾರಂಪರ್ಯವಾಗಿ ಬರುತ್ತದೆ. ವ್ಯಕ್ತಿಗಳ ಪೈಕಿ ಇಂಡೋನೇಷ್ಯದ ಪ್ರಜೆಗಳಿಗೆ ಮಾತ್ರ ಸಲ್ಲುತ್ತದೆ.

2. ಹಕ್ ಗುನಾ ಬಂಗುನನ್: ಕಟ್ಟಡ ಕಟ್ಟಿ ಬಳಸುವ ಹಕ್ಕು. ಸಾಮಾನ್ಯವಾಗಿ 30 ವರ್ಷ, ಮೇಲೆ 20 ವರ್ಷ ವಿಸ್ತರಿಸಬಹುದು.

3. ಹಕ್ ಪಕಾಯ್: ಬಳಕೆಯ ಹಕ್ಕು. ದೇಶದಲ್ಲಿ ವಾಸವಾಗಿರುವ ವಿದೇಶೀಯರಿಗೂ ಇದು ದೊರೆಯುತ್ತದೆ.

4. ಸೇವಾ: ಬಾಡಿಗೆ ಅಥವಾ ಗುತ್ತಿಗೆ ಕರಾರು.

ವಿದೇಶೀಯನೊಬ್ಬ ಸ್ಥಳೀಯನ ಹೆಸರಿನಲ್ಲಿ ಗದ್ದೆ ಕೊಂಡು ತಾನೇ ಒಡೆಯನಂತೆ ನಡೆಯುವ ಬೇನಾಮಿ ವ್ಯವಹಾರ ಬಾಲಿಯಲ್ಲಿ ಬಹಳ ನಡೆದಿದೆ. ವಿದೇಶೀಯರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಒಡೆತನ ವರ್ಗಾಯಿಸಿದರೆ ಅದು ಅಸಿಂಧು; ಜಮೀನು ಸರಕಾರಕ್ಕೆ ಸೇರುತ್ತದೆ ಎಂದು ಕಾಯಿದೆಯ 26ನೆಯ ವಿಧಿ ಹೇಳುತ್ತದೆ.

ಇವಲ್ಲದೆ ಸಂಪ್ರದಾಯದ ಜಮೀನುಗಳೂ ಇವೆ. ದೇವಸ್ಥಾನದ ಖರ್ಚಿಗೆ ಬಿಟ್ಟ ಗದ್ದೆ, ಊರಿನ ಸೇವೆಗೆ ಕಟ್ಟುಬಿದ್ದ ಮನೆ ನಿವೇಶನ ಇವನ್ನು ಸ್ವಂತ ಆಸ್ತಿಯಂತೆ ಹೊರಗಿನವರಿಗೆ ಮಾರುವಂತಿಲ್ಲ. ಹಿಂದೆ ‘ಪಿಪಿಲ್’ ಎಂಬ ಕಂದಾಯದ ಚೀಟಿಯನ್ನೇ ಜನ ಹಕ್ಕುಪತ್ರವೆಂದು ಇಟ್ಟುಕೊಳ್ಳುತ್ತಿದ್ದರು. ಆದರೆ ಕಂದಾಯ ಕಟ್ಟಿದ ಚೀಟಿಯೇ ಒಡೆತನವಲ್ಲ. ಇತ್ತೀಚಿನ ವರ್ಷಗಳಲ್ಲಿ ಸರಕಾರವು ಊರೂರಿಗೆ ಒಟ್ಟಾಗಿ ಜಮೀನು ನೋಂದಾಯಿಸಿ ಪ್ರಮಾಣಪತ್ರ ಕೊಡುವ ಕಾರ್ಯಕ್ರಮವನ್ನು ನಡೆಸಿದೆ.

ಗದ್ದೆಯಿಲ್ಲದವರು ಪಾಲಿಗೆ ಮಾಡುತ್ತಾರೆ. ಪಾಲುಗಾರನನ್ನು ‘ಪೆನ್ಯಾಕಪ್’ ಎನ್ನುತ್ತಾರೆ. ಅರ್ಧಾರ್ಧ ಪಾಲು ಬಹಳ ಕಡೆ ಬಳಕೆಯಲ್ಲಿದೆ. 1960ರ ಪಾಲು ಬೇಸಾಯದ ಕಾಯಿದೆಯಂತೆ ಕರಾರು ಬರವಣಿಗೆಯಲ್ಲಿರಬೇಕು. ಗದ್ದೆಗೆ ಕನಿಷ್ಠ 3 ವರ್ಷದ ಅವಧಿ ಇರಬೇಕು. ಆದರೂ ಬಾಯಿ ಮಾತಿನ ಒಪ್ಪಂದಗಳೇ ಹೆಚ್ಚು. ಒಡೆಯ ಗದ್ದೆ ಮಾರಿದಾಗ ಇಂಥ ಪಾಲುಗಾರನ ಕೈಗೆ ಏನೂ ಉಳಿಯುವುದಿಲ್ಲ.

ಭತ್ತದ ಆದಾಯ, ಗದ್ದೆಯ ಬೆಲೆ

30 ಆರ್ ಗದ್ದೆಯ ಒಂದು ಲೆಕ್ಕವನ್ನು ಉದಾಹರಣೆಗೆ ನೋಡಬಹುದು. ಹೆಕ್ಟೇರಿಗೆ 50 ಕ್ವಿಂಟಾಲ್ ಭತ್ತ ಬಂದರೆ ಈ ಗದ್ದೆಯಿಂದ ಒಂದು ಬೆಳೆಗೆ 15 ಕ್ವಿಂಟಾಲ್, ಎರಡು ಬೆಳೆಗೆ 30 ಕ್ವಿಂಟಾಲ್. 2025ರ ಆರಂಭದಲ್ಲಿ ಸರಕಾರ ಗೊತ್ತುಮಾಡಿದ ಖರೀದಿ ಬೆಲೆ ಕಿಲೋ ಭತ್ತಕ್ಕೆ 6,500 ರುಪಿಯಾ. ಆ ಬೆಲೆಯಲ್ಲಿ ವರ್ಷದ ಒಟ್ಟು ಉತ್ಪತ್ತಿ 1 ಕೋಟಿ 95 ಲಕ್ಷ ರುಪಿಯಾ. ಇದರಲ್ಲಿ ಬೀಜ, ಗೊಬ್ಬರ, ಉಳುಮೆ, ಕೂಲಿ ಕಳೆಯಬೇಕು. ಗದ್ದೆ ಪಾಲಿಗೆ ಕೊಟ್ಟಿದ್ದರೆ ಉಳಿದುದು ಎರಡು ಮನೆಗೆ ಹಂಚಿಕೆಯಾಗಬೇಕು.

ಅಂದರೆ ಒಂದು ಆರ್‌ಗೆ ವರ್ಷಕ್ಕೆ ಸುಮಾರು 6.5 ಲಕ್ಷ ರುಪಿಯಾ. ಸಮುದ್ರ ತೀರದ ಕಡೆಯಿಂದ ಬಂದ ವ್ಯಾಪಾರಿ ಆರ್‌ಗೆ 10 ಕೋಟಿ ರುಪಿಯಾ ಕೊಡುತ್ತೇನೆಂದರೆ, ಅದು ಸುಮಾರು 154 ವರ್ಷದ ಒಟ್ಟು ಉತ್ಪತ್ತಿಗೆ ಸಮ. ಇಂಥ ಸ್ಥಿತಿಯಲ್ಲಿ ಗದ್ದೆ ಮಾರುವ ರೈತನನ್ನು ದೂರುವುದು ಸರಿಯಲ್ಲ. ನೆರೆಯ ಬಾಡುಂಗ್ ಜಿಲ್ಲೆಯ ಚಾಂಗು ಪ್ರದೇಶದಲ್ಲಿ ಗದ್ದೆಗಳು ವಸತಿಗೃಹಗಳಾದದ್ದು ಹೀಗೆಯೇ. ಈಗ ಆ ಒತ್ತಡ ತಬಾನನ್ ಕಡೆಗೂ ಬಂದಿದೆ.

ಒಂದು ಗದ್ದೆ ಹೋದರೆ

ಮಾರಾಟದ ಲಾಭ ಒಬ್ಬನಿಗೆ ಬಂದರೂ ನಷ್ಟ ಹಲವರಿಗೆ ತಟ್ಟುತ್ತದೆ. ಮೇಲಿನ ಗದ್ದೆಯಲ್ಲಿ ಕಟ್ಟಡ ಎದ್ದರೆ ಕೆಳಗಿನ ಗದ್ದೆಗಳಿಗೆ ಹೋಗುವ ಕಾಲುವೆ ಮುಚ್ಚಿಹೋಗಬಹುದು, ಇಲ್ಲವೆ ಬಚ್ಚಲು ನೀರು ಸೇರಬಹುದು. ಸದಸ್ಯರು ಕಡಿಮೆಯಾದಂತೆ ಹೂಳೆತ್ತುವ ಕೆಲಸ ಉಳಿದವರ ತಲೆಗೆ ಬೀಳುತ್ತದೆ. ಅಕ್ಕಪಕ್ಕದ ಜಮೀನಿನ ಬೆಲೆ ಏರಿದುದರಿಂದ ಮಾರದವನ ಭೂ ತೆರಿಗೆಯೂ ಏರುತ್ತದೆ. ಭತ್ತದ ಆದಾಯ ಮಾತ್ರ ಮೊದಲಿನಂತೆಯೇ ಇರುತ್ತದೆ. ಕೊನೆಗೆ ಅವನೂ ಮಾರಬೇಕಾಗುತ್ತದೆ.

ಪೆನೆಬೆಲ್ ತಾಲ್ಲೂಕಿನ ಜಾತಿಲುವಿಹ್ ಗ್ರಾಮದಲ್ಲಿ ಇನ್ನೊಂದು ದಾರಿಯ ಪ್ರಯೋಗ ನಡೆದಿದೆ. ಸುಮಾರು 700 ಮೀಟರ್ ಎತ್ತರದಲ್ಲಿರುವ ಇಲ್ಲಿನ ಮೆಟ್ಟಿಲು ಗದ್ದೆಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುಬಕ್ ಪ್ರದೇಶದ ಭಾಗ. ಇಲ್ಲಿ ಸ್ಥಳೀಯ ಕೆಂಪಕ್ಕಿ ತಳಿಯನ್ನು ಈಗಲೂ ಬೆಳೆಯುತ್ತಾರೆ. ಗದ್ದೆ ನೋಡಲು ಬರುವವರಿಂದ ಪ್ರವೇಶ ಶುಲ್ಕ ವಸೂಲಾಗುತ್ತದೆ. ಆದರೆ ರಸ್ತೆ ಬದಿಯ ಹೋಟೆಲಿನವನಿಗೆ ಸಿಗುವ ಲಾಭವೂ ನೋಟಕ್ಕೆ ಕಾರಣನಾದ ಉಳುವವನಿಗೆ ಸಿಗುವ ಲಾಭವೂ ಒಂದೇ ಅಲ್ಲ. ಈ ಹಂಚಿಕೆ ಸರಿಯಾಗದಿದ್ದರೆ ಪರಂಪರೆಯ ಪಟ್ಟಿಯಿಂದ ಮಾತ್ರ ಗದ್ದೆ ಉಳಿಯಲಾರದು.

ಕಾನೂನಿನ ಆಸರೆಯೂ ಇದೆ. 2009ರ 41ನೆಯ ಕಾಯಿದೆಯಂತೆ ಶಾಶ್ವತ ಆಹಾರ ಬೆಳೆ ಜಮೀನೆಂದು ಗೊತ್ತುಮಾಡಿದ ಗದ್ದೆಯನ್ನು ಬೇರೆ ಉಪಯೋಗಕ್ಕೆ ತಿರುಗಿಸುವಂತಿಲ್ಲ. ಸಾರ್ವಜನಿಕ ಅಗತ್ಯಕ್ಕೆ ವಿನಾಯಿತಿ ಉಂಟು. ಆಗಲೂ ಬದಲಿ ಜಮೀನು ಒದಗಿಸಬೇಕು. ಇಂಥ ರೈತರಿಗೆ ತೆರಿಗೆ ರಿಯಾಯಿತಿ ಕೊಡಲೂ ಕಾಯಿದೆಯಲ್ಲಿ ಅವಕಾಶವಿದೆ.

ಗಮನಿಸಬೇಕಾದ ಅಂಶಗಳು

ತಬಾನನ್ ಅನುಭವದಿಂದ ತಿಳಿಯುವ ವಿಷಯಗಳು ಇವು:

1. ಹಣದ ಅಗತ್ಯ ತುರ್ತಾಗಿದ್ದಾಗ ಮಾಡಿದ ಮಾರಾಟದಲ್ಲಿ ಬೆಲೆ ಚೌಕಾಸಿಗೆ ಸಮಯವಿರುವುದಿಲ್ಲ. ಸಮಾರಂಭ ಮತ್ತು ಓದಿನ ಖರ್ಚಿಗೆ ಮೊದಲೇ ಉಳಿತಾಯ ಮಾಡುವುದು ಗದ್ದೆ ಉಳಿಸುವ ಮೊದಲ ಹೆಜ್ಜೆ.

2. ಗುತ್ತಿಗೆಗೆ ಕೊಟ್ಟರೆ ಒಡೆತನ ಉಳಿಯುತ್ತದೆ. ಆದರೆ 25 ಅಥವಾ 30 ವರ್ಷದ ಹಣವನ್ನು ಒಮ್ಮೆಗೇ ಪಡೆದು ಖರ್ಚು ಮಾಡಿದರೆ ಮುಂದಿನ ತಲೆಮಾರಿಗೆ ಗದ್ದೆಯೂ ಇಲ್ಲ, ಹಣವೂ ಇಲ್ಲ. ಕಟ್ಟಡ ಕಟ್ಟಿದ ನೆಲ ಅವಧಿ ಮುಗಿದ ಮೇಲೆ ಮತ್ತೆ ಗದ್ದೆಯಾಗುವುದು ಕಷ್ಟ.

3. ಯಾವ ಕರಾರಿನಲ್ಲಿಯೂ ಕಾಲುವೆ, ಬದು ಮತ್ತು ದಾರಿಗಳನ್ನು ಮುಚ್ಚಬಾರದೆಂಬ ಷರತ್ತನ್ನು ಬರೆಯಿಸಬೇಕು.

4. ಪಾಲುಗಾರನ ಕರಾರು ಬರವಣಿಗೆಯಲ್ಲಿರುವುದು ಇಬ್ಬರಿಗೂ ಕ್ಷೇಮ.

5. ಬೇನಾಮಿ ವ್ಯವಹಾರಕ್ಕೆ ಹೆಸರು ಕೊಡುವುದರಿಂದ ಜಮೀನನ್ನೇ ಕಳೆದುಕೊಳ್ಳುವ ಅಪಾಯವಿದೆ.

ಸುಬಕ್‌ನ ಸಭೆ ಮಾರಾಟವನ್ನು ತಡೆಯಲಾರದಿದ್ದರೂ ಕಾಲುವೆಯನ್ನು ಉಳಿಸಬಲ್ಲದು. ಕಟ್ಟಳೆ ಬಿಗಿಯಾಗಿರುವ ಕಡೆ ಹೊಸದಾಗಿ ಬಂದ ಕಟ್ಟಡದವನೂ ನೀರಿನ ದಾರಿಯನ್ನು ಬಿಡಲೇಬೇಕಾಗುತ್ತದೆ. ಆದುದರಿಂದ ಗದ್ದೆ ಮಾರುವ ಮಾತು ಬಂದಾಗ ಮನೆಯಲ್ಲಿ ಬೆಲೆಯ ಲೆಕ್ಕ ಹಾಕುವುದರೊಂದಿಗೆ ಕಾಲುವೆಯ ಕೆಳಗಿನ ಗದ್ದೆಯವರೊಡನೆಯೂ ಕುಳಿತು ಮಾತನಾಡುವುದು ಒಳ್ಳೆಯದು.