ಹೆಂಚಿನ ಅಂಗಡಿ, ಗಾಜಿನ ಅಂಗಡಿ

ಶಿರಸಿ ಪೇಟೆಯಲ್ಲಿ ಮಧ್ಯಾಹ್ನ ಮೂರಕ್ಕೆ ಒಂದು ಹಳೇ ಹೆಂಚಿನ ಅಂಗಡಿಗೆ ಹೊಕ್ಕು ನೋಡಿ. ಆಮೇಲೆ ಪಶ್ಚಿಮಕ್ಕೆ ಗಾಜು ಹೊದ್ದ ಹೊಸ ಕಾಂಪ್ಲೆಕ್ಸಿಗೆ. ಮೈಯೇ ಹೇಳುತ್ತದೆ!

ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಉದ್ದನೆಯ ಸೂರು ಚಿರೆಕಲ್ಲಿನ ಗೋಡೆಯನ್ನು ಮಳೆಯಿಂದಲೂ ಕಾಯುತ್ತದೆ, ಬಿಸಿಲಿನಿಂದಲೂ. ಗಾಜು ಹಾಗಲ್ಲ. ಬಿಸಿಲನ್ನು ಒಳಗೆ ಕರೆಯುತ್ತದೆ, ಸೆಕೆಯನ್ನು ಹೊರಗೆ ಬಿಡದು. ಆಮೇಲೆ ಎಸಿ, ಆಮೇಲೆ ಬಿಲ್ಲು.

ವಾಣಿಜ್ಯ ಕಟ್ಟಡಗಳಿಗೆ ಇಂಧನ ಉಳಿತಾಯದ ಸಂಹಿತೆ 2007ರಲ್ಲೇ ಬಂದಿದೆ. ಆದರೆ ಈಗ ಅದರ ಲೆಕ್ಕ ಶುರುವಾಗುವುದೇ 100 ಕಿಲೋವ್ಯಾಟ್‌ನಿಂದ. ಸಿದ್ದಾಪುರ, ಯಲ್ಲಾಪುರದ ಸಣ್ಣ ಅಂಗಡಿ ಅಷ್ಟು ಕರೆಂಟು ಎಲ್ಲಿ ಕೇಳುತ್ತದೆ?

ಹಾಗಾಗಿ ಪ್ಲಾನ್ ಹಾಕಿಸುವಾಗ ನೀವೇ ಕೇಳಬೇಕು: ಪಶ್ಚಿಮಕ್ಕೆ ಗಾಜು ಯಾಕೆ? ಮಳೆಗೆಂದು ಟೆರೇಸ್ ಮೇಲೆ ತಗಡು ಹಾಕಿಸುತ್ತೀರಲ್ಲ, ಬದಿಗಳನ್ನು ತೆರೆದಿಡಿ. ಸ್ಲ್ಯಾಬಿಗೆ ನೆರಳು, ನಡುವೆ ಗಾಳಿ.